ಹೋಗಿ ಬರುವ ರಾಕೆಟ್, ತೀರದ ಲೋಡು

ಮೂರನೇ ನಿಮಿಷ ಆಗುವಷ್ಟರಲ್ಲಿ ಜನ ಮಡಚುವ ಕುರ್ಚಿಗಳನ್ನು ಎತ್ತಿಕೊಂಡು ಕಾರಿನತ್ತ ಹೊರಟುಬಿಡುತ್ತಾರೆ. ಅಮೆರಿಕದ ಫ್ಲಾರಿಡಾ ರಾಜ್ಯದ ಟೈಟಸ್‌ವಿಲ್ ಊರಲ್ಲಿ, ಇಂಡಿಯನ್ ರಿವರ್ ಎಂದು ಕರೆಯುವ ಅಗಲವಾದ ಹಿನ್ನೀರಿನ ದಂಡೆಯಲ್ಲಿ, ರಾಕೆಟ್ ನೋಡಲು ಬಂದವರ ಪೈಕಿ ಬಹುಪಾಲು ಮಂದಿಯದು ಇದೇ ಪದ್ಧತಿ. ಆಚೆ ದಂಡೆಯಲ್ಲಿ ಬೆಳಕು ಹೊತ್ತಿಕೊಂಡಿತು, ಮೇಲೇರಿತು, ಗುಡುಗಿತು, ಚುಕ್ಕಿಯಾಗಿ ಮರೆಯಾಯಿತು, ಮುಗಿಯಿತು. ಫಾಲ್ಕನ್ 9 ರಾಕೆಟ್ಟಿನ ಮಟ್ಟಿಗೆ ಮಾತ್ರ ಹಾಗೆ ಎದ್ದು ಹೋಗುವವರಿಗೆ ಅರ್ಧ ಆಟ ತಪ್ಪಿಹೋಗುತ್ತದೆ. ಮುಖ್ಯವಾದ ಕೆಲಸ ನಡೆಯುವುದು ಎಂಟನೇ ನಿಮಿಷ ದಾಟಿದ ಮೇಲೆ, ದಂಡೆಯಿಂದ ಆರುನೂರು ಕಿಲೋಮೀಟರ್ ಆಸುಪಾಸಿನ ದೂರದಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ ನಿಂತ ಒಂದು ಖಾಲಿ ದೋಣಿಯ ಮೇಲೆ.

ನಾನು ನೋಡಿದ್ದು ಸ್ಟಾರ್‌ಲಿಂಕ್ ಉಪಗ್ರಹಗಳ ಒಂದು ಉಡಾವಣೆ. ಆ ಊರಿನವರಿಗೆ ಅದು ವಿಶೇಷವೇ ಅಲ್ಲ. 2024ರ ಒಂದೇ ವರ್ಷದಲ್ಲಿ ಸ್ಪೇಸ್‌ಎಕ್ಸ್ ಕಂಪನಿ 130ಕ್ಕೂ ಹೆಚ್ಚು ಫಾಲ್ಕನ್ ರಾಕೆಟ್‌ಗಳನ್ನು ಹಾರಿಸಿತು. ಅಂದರೆ ಮೂರು ದಿನಕ್ಕೆ ಒಂದು ತಪ್ಪದೆ. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಹೊತ್ತದ್ದು ಕಂಪನಿಯ ಸ್ವಂತ ಸರಕನ್ನೇ, ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್ ಉಪಗ್ರಹಗಳನ್ನು. ಇಷ್ಟು ಮಾಮೂಲಾಗಿಬಿಟ್ಟ ಘಟನೆಯನ್ನು ನೋಡಲು ನಾನು ಅಕ್ಕನ ಮಗನನ್ನು ರಜೆ ಹಾಕಿಸಿ ಕರೆದೊಯ್ದಿದ್ದೆ. ಒರ್ಲಾಂಡೋದಲ್ಲಿ ಕೆಲಸ ಮಾಡುವ ಅವನಿಗೆ ತನ್ನ ಆಫೀಸಿನ ಪಾರ್ಕಿಂಗ್ ಜಾಗದಿಂದಲೇ ರಾಕೆಟ್ ಕಂಡು ಅಭ್ಯಾಸ. "ಮಾಮ, ಫೋನಿನಲ್ಲಿ ಸೊನ್ನೆ ಆಗೋವರೆಗೂ ಕಾಯ್ತಾ ಕೂರಬೇಡಿ, ನೇರಪ್ರಸಾರ ಹಿಂದೆ ಇರುತ್ತೆ" ಎಂದು ಮೊದಲೇ ಎಚ್ಚರಿಸಿದ. ನಿಜವೇ. ಪರದೆಯ ಮೇಲೆ ಇನ್ನೂ ಎಣಿಕೆ ನಡೆಯುತ್ತಿದ್ದಾಗಲೇ ಎದುರಿಗೆ ಬೆಳಕು ಎದ್ದಿತ್ತು.

ಎಣಿಕೆಯಲ್ಲಿ ಗಮನಿಸಬೇಕಾದದ್ದು ಕೊನೆಯ ಹತ್ತು ಸೆಕೆಂಡುಗಳಲ್ಲ. ಉಡಾವಣೆಗೆ 38 ನಿಮಿಷ ಇರುವಾಗ ಇಂಧನ ತುಂಬಲು ಅನುಮತಿ ಸಿಗುತ್ತದೆ, 35 ನಿಮಿಷ ಇರುವಾಗ ತುಂಬುವುದು ಶುರು. ಇಂಧನ ಎಂದರೆ ಚೆನ್ನಾಗಿ ಶುದ್ಧೀಕರಿಸಿದ ಸೀಮೆಎಣ್ಣೆಯೇ. ಅದನ್ನು ಉರಿಸಲು ದ್ರವ ಆಮ್ಲಜನಕ. ಆಮ್ಲಜನಕ ಸೊನ್ನೆಗಿಂತ 183 ಡಿಗ್ರಿ ಕೆಳಗೆ ದ್ರವವಾಗುತ್ತದೆ. ಫಾಲ್ಕನ್‌ನಲ್ಲಿ ಅದನ್ನು ಇನ್ನೂ ತಣಿಸಿ, ಸೊನ್ನೆಗಿಂತ 200 ಡಿಗ್ರಿಗೂ ಕೆಳಗೆ ಒಯ್ಯುತ್ತಾರೆ. ತಣ್ಣಗಾದಷ್ಟೂ ದ್ರವ ಕುಗ್ಗಿ, ಅದೇ ಟ್ಯಾಂಕಿನಲ್ಲಿ ಹೆಚ್ಚು ತೂಕ ಹಿಡಿಯುತ್ತದೆ. ಇದಕ್ಕೊಂದು ದಂಡವೂ ಇದೆ: ತುಂಬಿಟ್ಟು ಕಾಯುವಂತಿಲ್ಲ. ಬಿಸಿಲಿಗೆ ನಿಂತಷ್ಟೂ ಆಮ್ಲಜನಕ ಹಿಗ್ಗಿ ಹಬೆಯಾಗಿ ಹೊರಬೀಳುತ್ತದೆ. ಹೀಗಾಗಿ ತುಂಬಲು ಶುರುಮಾಡಿದ ಮೇಲೆ ಹಾರಬೇಕು, ಇಲ್ಲವೇ ಎಲ್ಲವನ್ನೂ ಮತ್ತೆ ಖಾಲಿಮಾಡಿ ಆವತ್ತಿನ ಆಟ ಬಿಡಬೇಕು. ದೂರದರ್ಶಕದಲ್ಲಿ ನೋಡಿದರೆ ರಾಕೆಟ್ಟಿನ ಪಕ್ಕೆಯಿಂದ ಬಿಳಿ ಹಬೆ ಎಳೆಎಳೆಯಾಗಿ ಹೊರಟು ಗಾಳಿಯಲ್ಲಿ ಅಡ್ಡಕ್ಕೆ ಹರಿಯುವುದು ಕಾಣುತ್ತದೆ. ಹೀಗೆ ಹಬೆ ಎದ್ದರೆ ಇಂಧನ ತುಂಬುತ್ತಿದ್ದಾರೆಂದು ಅರ್ಥ, ಇನ್ನು ಜಾಗ ಬಿಟ್ಟು ಕದಲಬಾರದು ಎಂಬುದು ಅಲ್ಲಿ ಕೂತ ಹಳಬರಿಗೆಲ್ಲ ಗೊತ್ತು.

ಕೊನೆಯ ಮೂರು ಸೆಕೆಂಡಿಗೆ ಎಂಜಿನ್‌ಗಳು ಹೊತ್ತಿಕೊಳ್ಳುತ್ತವೆ. ಒಟ್ಟು 9 ಮರ್ಲಿನ್ ಎಂಜಿನ್‌ಗಳು. ಕ್ಷಣಮಾತ್ರ ಬುಡದಲ್ಲಿ ಒಂದು ಹಸಿರು ಛಾಯೆ ಮಿಂಚುತ್ತದೆ. ಆಮ್ಲಜನಕ ತಾಗಿದರೆ ಸಾಕು, ಕಿಡಿಯೇ ಬೇಡ, ತಾನಾಗಿ ಹೊತ್ತಿಕೊಳ್ಳುವ ಒಂದು ದ್ರವವನ್ನು ಎಂಜಿನ್ ಹಚ್ಚಲು ಬಳಸುತ್ತಾರೆ. ಅದರೊಳಗಿನ ಬೋರಾನ್ ಕೊಡುವ ಬಣ್ಣ ಅದು. ಆಕಾಶದಲ್ಲಿ ಎಂಜಿನ್ ಮತ್ತೆ ಹಚ್ಚಬೇಕೆಂದರೂ ಇದೇ ದ್ರವ ಬೇಕು. 2018ರ ಫೆಬ್ರವರಿಯಲ್ಲಿ ಇದರ ದೊಡ್ಡಣ್ಣ ಫಾಲ್ಕನ್ ಹೆವಿ ಮೊದಲ ಸಲ ಹಾರಿದಾಗ ಅದರ ಕೆಳಹಂತದ ನಡುವಿನ ಬೂಸ್ಟರ್‌ನಲ್ಲಿ ಇಳಿಯುವ ಹೊತ್ತಿಗೆ ಈ ದ್ರವ ಸಾಲದೆ ಹೋಯಿತು. ಮೂರು ಎಂಜಿನ್ ಹೊತ್ತಬೇಕಾದಲ್ಲಿ ಒಂದೇ ಹೊತ್ತಿತು. ಬೂಸ್ಟರ್ ಗಂಟೆಗೆ 480 ಕಿ.ಮೀ. ವೇಗದಲ್ಲಿ ದೋಣಿಯ ಪಕ್ಕದ ನೀರಿಗೆ ಅಪ್ಪಳಿಸಿತು. ಕೋಟಿಗಟ್ಟಲೆ ಬೆಲೆಯ ಯಂತ್ರ ಹೋದದ್ದು ಹಚ್ಚುವ ದ್ರವ ಸಾಲದ್ದಕ್ಕೆ!

ನಮ್ಮ ಎದುರಿಗಿದ್ದದ್ದು ಸುಮ್ಮನೆ ಏರಿತು. 70 ಮೀಟರ್ ಉದ್ದ, ಸುಮಾರು 550 ಟನ್ ತೂಕದ ವಸ್ತು ಮೊದಲ ಕೆಲವು ಸೆಕೆಂಡು ಒಂದಿಷ್ಟೂ ಸದ್ದಿಲ್ಲದೆ ಮೇಲೆ ಹೋಗುವುದನ್ನು ನೋಡಿದರೆ ಕಣ್ಣನ್ನು ನಂಬಬೇಕೋ ಬೇಡವೋ ಅನಿಸುತ್ತದೆ. ಉಡಾವಣಾ ಕಟ್ಟೆಗೆ ನಾವಿದ್ದಲ್ಲಿಂದ ಹತ್ತಿರಹತ್ತಿರ 20 ಕಿ.ಮೀ.; ಸದ್ದು ಅಷ್ಟು ದೂರ ನಡೆದು ಬರಲು ಸುಮಾರು ಒಂದು ನಿಮಿಷ ಬೇಕು. ಅದು ಬರುವಾಗ ರಾಕೆಟ್ ಆಗಲೇ ಪೂರ್ವಕ್ಕೆ ಬಾಗಿತ್ತು. ಕಿವಿಗಿಂತ ಮೊದಲು ಎದೆಗೆ ಬಂತು. ನಾನು ಕೂತಿದ್ದ ಕಬ್ಬಿಣದ ಬೆಂಚು ಸಣ್ಣಗೆ ಅದುರಿತು.

ಪೂರ್ವಕ್ಕೆ ಬಾಗುವುದು ಯಾಕೆ ಎಂಬಲ್ಲೇ ಇಡೀ ರಾಕೆಟ್ ವಿದ್ಯೆ ಇದೆ. ಕಕ್ಷೆ ಸೇರಲು ಎತ್ತರ ದೊಡ್ಡ ಕಷ್ಟವಲ್ಲ, ವೇಗ ಕಷ್ಟ. ನೂರಿನ್ನೂರು ಕಿಲೋಮೀಟರ್ ಮೇಲಕ್ಕೆ ಒಂದು ವಸ್ತುವನ್ನು ಎಸೆದರೆ ಅದು ಮರಳಿ ಬೀಳುತ್ತದೆ. ಬೀಳದೆ ಭೂಮಿಯನ್ನು ಸುತ್ತುತ್ತಲೇ ಇರಬೇಕಾದರೆ ಅಡ್ಡಕ್ಕೆ ಗಂಟೆಗೆ ಸುಮಾರು 27,000 ಕಿ.ಮೀ. ವೇಗ ಬೇಕು. ಫಾಲ್ಕನ್‌ನ ಕೆಳಹಂತ, ಅಂದರೆ ಬೂಸ್ಟರ್, ಎರಡೂವರೆ ನಿಮಿಷ ಉರಿದು ಗಂಟೆಗೆ 8,000 ಕಿ.ಮೀ. ಆಸುಪಾಸಿನ ವೇಗ ಕೊಟ್ಟು ಕಳಚಿಕೊಳ್ಳುತ್ತದೆ. ಉಳಿದದ್ದನ್ನು ಒಂದೇ ಎಂಜಿನ್ ಇರುವ ಮೇಲ್ಹಂತ ಪೂರೈಸುತ್ತದೆ. ಈ ಹಂಚಿಕೆಯಿಂದಲೇ ಕೆಳಹಂತವನ್ನು ಉಳಿಸಿಕೊಳ್ಳಲು ಸಾಧ್ಯವಾದದ್ದು. ಗಂಟೆಗೆ 8,000 ಕಿ.ಮೀ. ವೇಗದಲ್ಲಿ ಇರುವುದನ್ನು ಸುಡದೆ ಇಳಿಸಬಹುದು. 27,000ದಲ್ಲಿ ಇರುವುದಕ್ಕೆ ಶಾಖದ ಕವಚ ಹೊದಿಸಬೇಕು, ಇಳಿಯುವ ಇಂಧನ ಕೊಡಬೇಕು; ಮೇಲ್ಹಂತಕ್ಕೆ ಸೇರಿಸಿದ ಒಂದೊಂದು ಕಿಲೋ ಸರಕಿನಿಂದ ಒಂದೊಂದು ಕಿಲೋ ಕಡಿಮೆ ಮಾಡುತ್ತದೆ. ಆದ್ದರಿಂದ ಫಾಲ್ಕನ್‌ನ ಮೇಲ್ಹಂತ ಇಂದಿಗೂ ಬಳಸಿ ಬಿಸಾಡುವ ವಸ್ತುವೇ. ಪೂರ್ತಿ ಮರುಬಳಕೆಯ ರಾಕೆಟ್ ಎಂದು ಇದನ್ನು ಕರೆಯುವವರು ಈ ಭಾಗವನ್ನು ಮರೆತಿರುತ್ತಾರೆ.

ಕಳಚಿಕೊಂಡ ಬೂಸ್ಟರ್‌ನ ಪಾಡು ಏನಾಯಿತೆಂದು ಅಕ್ಕನ ಮಗನ ಫೋನಿನಲ್ಲಿ ನೋಡಿದೆವು. ಎಡಗಡೆ ಬೂಸ್ಟರ್‌ನ ಕ್ಯಾಮೆರಾ, ಬಲಗಡೆ ಮೇಲ್ಹಂತದ್ದು. ಬೂಸ್ಟರ್ ಏರಿದ ರಭಸದಲ್ಲೇ ಇನ್ನೂ ಮೇಲೆ ಹೋಗುತ್ತದೆ, 100 ಕಿ.ಮೀ. ದಾಟಿ ವಾತಾವರಣದ ಹೊರಗೆ. ಅಲ್ಲಿ ಗಾಳಿ ಇಲ್ಲ, ಆದ್ದರಿಂದ ನೈಟ್ರೋಜನ್ ಅನಿಲವನ್ನು ಪುಸ್ಸೆಂದು ಬಿಡುತ್ತ ಬುಡ ಮುಂದಾಗಿ ತಿರುಗಿಕೊಳ್ಳುತ್ತದೆ. ತಲೆಯ ಹತ್ತಿರ ಟೈಟಾನಿಯಂನ ನಾಲ್ಕು ಜಾಲರಿ ರೆಕ್ಕೆಗಳು ತೆರೆದುಕೊಳ್ಳುತ್ತವೆ. ಆರನೇ ನಿಮಿಷದ ಸುಮಾರಿಗೆ, ದಟ್ಟ ಗಾಳಿ ಎದುರಾಗುವ ಮೊದಲು, ಮೂರು ಎಂಜಿನ್ ಹೊತ್ತಿ ವೇಗ ತಗ್ಗಿಸುತ್ತವೆ. ಆ ಮೇಲೆ ಎಂಜಿನ್ ಆರಿಸಿ ಗಾಳಿಯನ್ನೇ ಬ್ರೇಕ್ ಮಾಡಿಕೊಂಡು ಬೀಳುವುದು. ಜಾಲರಿ ರೆಕ್ಕೆಗಳು ಅತ್ತಿತ್ತ ತಿರುಗುತ್ತ ದಾರಿ ತಿದ್ದುತ್ತವೆ. ಸ್ಟಾರ್‌ಲಿಂಕ್ ಸರಕಿನ ತೂಕ 17 ಟನ್ ಸುಮಾರು ಇರುವುದರಿಂದ ಫ್ಲಾರಿಡಾ ದಂಡೆಗೇ ಹಿಂತಿರುಗುವಷ್ಟು ಇಂಧನ ಉಳಿದಿರುವುದಿಲ್ಲ. ಅದಕ್ಕೇ ಬೂಸ್ಟರ್ ಬೀಳುವಲ್ಲಿಗೇ ದೋಣಿ ಹೋಗಿ ಕಾಯುತ್ತದೆ.

ಇಳಿಯುವ ಕೊನೆಯ ಅರ್ಧ ನಿಮಿಷಕ್ಕೆ ಸಮನಾದ ಎದೆಗಾರಿಕೆ ಎಂಜಿನಿಯರಿಂಗ್‌ನಲ್ಲಿ ಹೆಚ್ಚು ಕಡೆ ಸಿಗುವುದಿಲ್ಲ. ಟ್ಯಾಂಕ್ ಖಾಲಿಯಾದ ಬೂಸ್ಟರ್ ಎಷ್ಟು ಹಗುರವೆಂದರೆ, ಒಂದೇ ಎಂಜಿನ್ ಉರಿಸಿ ಅದನ್ನು ಎಷ್ಟು ತಗ್ಗಿಸಿದರೂ ಅದರ ನೂಕುಬಲ ಬೂಸ್ಟರ್ ತೂಕಕ್ಕಿಂತ ಜಾಸ್ತಿಯೇ. ಅಂದರೆ ಹೆಲಿಕಾಪ್ಟರ್‌ನಂತೆ ಗಾಳಿಯಲ್ಲಿ ನಿಂತು, ಜಾಗ ನೋಡಿಕೊಂಡು, ನಿಧಾನ ಇಳಿಯಲು ಬರುವುದಿಲ್ಲ. ಎಂಜಿನ್ ತುಸು ಬೇಗ ಹೊತ್ತಿದರೆ ದೋಣಿಯ ಮೇಲುಗಡೆಯೇ ವೇಗ ಸೊನ್ನೆಯಾಗಿ ಬೂಸ್ಟರ್ ಮತ್ತೆ ಏರತೊಡಗುತ್ತದೆ. ತುಸು ತಡವಾದರೆ ಅಪ್ಪಳಿಸುತ್ತದೆ. ವೇಗ ಸೊನ್ನೆಯಾಗುವುದೂ ಎತ್ತರ ಸೊನ್ನೆಯಾಗುವುದೂ ಒಂದೇ ಕ್ಷಣದಲ್ಲಿ ಆಗಬೇಕು. ಲೆಕ್ಕ ಹಾಕುವುದು ಬೂಸ್ಟರ್‌ನಲ್ಲೇ ಇರುವ ಕಂಪ್ಯೂಟರ್. ನೆಲದಲ್ಲಿ ಕೂತವರು ಮಾಡುವುದು ಏನೂ ಇಲ್ಲ. ದೋಣಿಯಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಫೋನಿನಲ್ಲಿ ಬೆಂಕಿ, ಹೊಗೆ, ಮತ್ತೆ ನಾಲ್ಕು ಕಾಲು ಚಾಚಿ ನೆಟ್ಟಗೆ ನಿಂತ ಕಂಬ. ಅಕ್ಕನ ಮಗ ಆಗಲೇ ಕಾರಿನ ಕೀಲಿ ಹುಡುಕುತ್ತಿದ್ದ.

ಹಿಂದೆ ಈ ಕ್ಷಣಕ್ಕೆ ಸರಿಯಾಗಿ ಚಿತ್ರ ನಿಂತುಹೋಗುತ್ತಿತ್ತು. ಬೂಸ್ಟರ್ ಇಳಿಯುವ ಅದುರಿಗೆ ದೋಣಿಯ ಆಂಟೆನಾ ಉಪಗ್ರಹದ ಕಡೆಯಿಂದ ತಪ್ಪಿಹೋಗುತ್ತಿದ್ದದ್ದು ಕಾರಣ. ಈಗ ದೋಣಿಗಳಲ್ಲೂ ಸ್ಟಾರ್‌ಲಿಂಕ್ ತಟ್ಟೆಗಳೇ ಇವೆ. ಇಳಿದದ್ದು ಅಡೆತಡೆಯಿಲ್ಲದೆ ಕಾಣುತ್ತದೆ. ಅಂದಹಾಗೆ ಈ ದೋಣಿಗಳಿಗೆ 'ಜಸ್ಟ್ ರೀಡ್ ದಿ ಇನ್‌ಸ್ಟ್ರಕ್ಷನ್ಸ್', 'ಎ ಶಾರ್ಟ್‌ಫಾಲ್ ಆಫ್ ಗ್ರಾವಿಟಾಸ್' ಎಂಬ ತಮಾಷೆಯ ಹೆಸರುಗಳು. ಸ್ಕಾಟ್ಲೆಂಡಿನ ಕಾದಂಬರಿಕಾರ ಇಯಾನ್ ಎಂ. ಬ್ಯಾಂಕ್ಸ್ ಅವರ ವಿಜ್ಞಾನ ಕಾದಂಬರಿಗಳಲ್ಲಿ ಬರುವ ಅಂತರಿಕ್ಷ ನೌಕೆಗಳ ಹೆಸರಿನ ಜಾಡಿನವು.

ಬೂಸ್ಟರ್ ನಿಂತ ಹೊತ್ತಿಗೇ ಮೇಲ್ಹಂತವೂ ಕಕ್ಷೆ ಸೇರಿ ಎಂಜಿನ್ ಆರಿಸುತ್ತದೆ. ಸರಕು ಇಳಿಸುವುದು ಸುಮಾರು ಒಂದು ಗಂಟೆಯ ನಂತರ. ಉಪಗ್ರಹಗಳನ್ನು ಒಂದರ ಮೇಲೊಂದು ಚಪ್ಪಟೆಯಾಗಿ ಪೇರಿಸಿರುತ್ತಾರೆ. ಸ್ಪ್ರಿಂಗ್ ಇಲ್ಲ, ಒಂದೊಂದಕ್ಕೂ ಪ್ರತ್ಯೇಕ ಪೆಟ್ಟಿಗೆ ಇಲ್ಲ. ಮೇಲ್ಹಂತ ನಿಧಾನಕ್ಕೆ ತಿರುಗತೊಡಗುತ್ತದೆ, ಬಿಗಿದು ಹಿಡಿದಿದ್ದ ಸರಳುಗಳು ಕಳಚಿಕೊಳ್ಳುತ್ತವೆ, ಇಡೀ ಅಟ್ಟಿ ಮೆಲ್ಲನೆ ಬಿಡಿಬಿಡಿಯಾಗಿ ಹರಡಿಕೊಳ್ಳುತ್ತದೆ. ಇಷ್ಟು ಸರಳವಾದ, ಅಗ್ಗದ ಬಿಡುಗಡೆ ನೋಡಿ ಸಾಂಪ್ರದಾಯಿಕ ಉಪಗ್ರಹ ತಯಾರಕರು ಹುಬ್ಬೇರಿಸಿದ್ದರಲ್ಲಿ ಆಶ್ಚರ್ಯವಿಲ್ಲ. 2019ರ ಮೇ ತಿಂಗಳಲ್ಲಿ ಮೊದಲ ಸಲ 60 ಉಪಗ್ರಹಗಳು ಹೋದವು. ಈಚಿನವು ದೊಡ್ಡವು, ಹೆಚ್ಚು ಸಾಮರ್ಥ್ಯದವು. ಒಂದು ಸಲಕ್ಕೆ ಇಪ್ಪತ್ತರ ಮೇಲೆ ಕೆಲವು.

ಅವುಗಳನ್ನು ಕೆಲಸ ಮಾಡುವ ಸುಮಾರು 550 ಕಿ.ಮೀ. ಎತ್ತರಕ್ಕೆ ನೇರ ಒಯ್ಯದೆ ತಗ್ಗಿನಲ್ಲೇ ಬಿಡುತ್ತಾರೆ. ಕೆಟ್ಟದ್ದೇನಾದರೂ ಇದ್ದರೆ ಬೇಗ ಬಿದ್ದು ಸುಟ್ಟುಹೋಗಲಿ, ಕಸವಾಗಿ ಉಳಿಯದಿರಲಿ ಎಂದು. ಸರಿಯಾಗಿರುವವು ತಮ್ಮ ಪುಟ್ಟ ವಿದ್ಯುತ್ ನೋದಕಗಳಿಂದ ವಾರಗಟ್ಟಲೆ ಏರುತ್ತವೆ. ಈ ಎಚ್ಚರಿಕೆಯೇ ಒಮ್ಮೆ ಕುತ್ತಾಯಿತು. 2022ರ ಫೆಬ್ರವರಿಯಲ್ಲಿ 49 ಉಪಗ್ರಹಗಳನ್ನು 210 ಕಿ.ಮೀ. ಎತ್ತರದಲ್ಲಿ ಬಿಟ್ಟ ಮರುದಿನವೇ ಸೌರ ಚಟುವಟಿಕೆಯಿಂದ ಭೂಕಾಂತೀಯ ಬಿರುಗಾಳಿ ಎದ್ದಿತು. ಮೇಲಿನ ವಾತಾವರಣ ಕಾದು ಉಬ್ಬಿ, ಅಲ್ಲಿ ಗಾಳಿಯ ತಡೆ ಹೆಚ್ಚಿತು. 40ರಷ್ಟು ಉಪಗ್ರಹಗಳು ಏರಲಾಗದೆ ಬಿದ್ದು ಸುಟ್ಟವು.

ಇಂಟರ್‌ನೆಟ್‌ಗೆ ಇಷ್ಟು ತಗ್ಗಿನ ಉಪಗ್ರಹ ಯಾಕೆ? ನಮ್ಮ ಟಿ.ವಿ. ಡಿಶ್‌ಗಳು ನೋಡುವ ಉಪಗ್ರಹಗಳು 35,786 ಕಿ.ಮೀ. ಎತ್ತರದಲ್ಲಿ, ಭೂಮಿಯ ಜೊತೆಗೇ ಸುತ್ತುತ್ತ, ಆಕಾಶದಲ್ಲಿ ನಿಂತಲ್ಲೇ ನಿಂತಂತೆ ಕಾಣುತ್ತವೆ. ಮೂರು ಇದ್ದರೆ ಭೂಮಿಯ ಬಹುಪಾಲು ಮುಗಿಯಿತು. ಆದರೆ ಬೆಳಕಿಗೂ ಅಷ್ಟು ದೂರ ದೂರವೇ. ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಹಿಡಿಯುತ್ತದೆ. ಸಿನಿಮಾ ನೋಡಲು ಅಡ್ಡಿಯಿಲ್ಲ, ವಿಡಿಯೋ ಕರೆಯಲ್ಲಿ ಮಾತ್ರ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಾರೆ. 550 ಕಿ.ಮೀ. ಎತ್ತರದಲ್ಲಿ ಈ ತಡ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಅದಕ್ಕೆ ಬೇರೆ ರೀತಿಯಲ್ಲಿ ಬೆಲೆ ತೆರಬೇಕು. ಅಷ್ಟು ತಗ್ಗಿನ ಉಪಗ್ರಹಕ್ಕೆ ಕಾಣುವ ನೆಲ ಕಡಿಮೆ. ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುವ ಅದು ಒಂದು ಊರಿನ ನೆತ್ತಿಯ ಮೇಲೆ ಇರುವುದು ಕೆಲವೇ ನಿಮಿಷ. ಒಂದು ಮುಳುಗುವ ಮೊದಲು ಇನ್ನೊಂದು ಮೂಡಬೇಕು. ಹೀಗಾಗಿ ನೂರುಗಳಲ್ಲ, ಸಾವಿರಗಳು ಬೇಕು. 2025ರ ಅಕ್ಟೋಬರ್ ಹೊತ್ತಿಗೆ ಉಡಾಯಿಸಿದ ಸ್ಟಾರ್‌ಲಿಂಕ್‌ಗಳ ಒಟ್ಟು ಲೆಕ್ಕ 10,000 ದಾಟಿತು. ಒಂದೊಂದರ ಆಯಸ್ಸು ಐದು ವರ್ಷದ ಸುಮಾರು. ಹಳೆಯವನ್ನು ಇಳಿಸಿ ಸುಡಬೇಕು, ಹೊಸದನ್ನು ಏರಿಸಬೇಕು. ಜಾಲ ಪೂರ್ತಿಯಾಯಿತು ಎಂಬ ದಿನ ಬರುವುದೇ ಇಲ್ಲ.

ಈ ಉದ್ಯಮದ ಗುಟ್ಟು ಇರುವುದು ಇಲ್ಲೇ ಎಂದು ನನ್ನ ಎಣಿಕೆ. ರಾಕೆಟ್ಟನ್ನು ಇಳಿಸಿದ್ದೇ ಸಾಧನೆ ಎಂದು ನಾವು ಚಪ್ಪಾಳೆ ತಟ್ಟುತ್ತೇವೆ. ಇಳಿಸುವುದು ಅರ್ಧ ಮಾತ್ರ. ಲಾರಿ ಇಟ್ಟವರನ್ನು ಕೇಳಿ: ಗಾಡಿ ಎಷ್ಟು ಗಟ್ಟಿಮುಟ್ಟು ಎನ್ನುವುದಕ್ಕಿಂತ ತಿಂಗಳಿಗೆ ಎಷ್ಟು ಲೋಡು ಸಿಗುತ್ತದೆ ಎನ್ನುವುದರ ಮೇಲೆ ಸಾಲದ ಕಂತು ತೀರುತ್ತದೆ. ಅಮೆರಿಕದ ಸ್ಪೇಸ್ ಷಟಲ್ ಕೂಡ ಮರುಬಳಕೆಯ ವಾಹನವೇ ಆಗಿತ್ತು. 1981ರಿಂದ 2011ರವರೆಗೆ ಐದು ನೌಕೆಗಳು ಸೇರಿ ಹಾರಿದ್ದು 135 ಸಲ. ಪ್ರತಿ ಸಲವೂ ತಿಂಗಳುಗಟ್ಟಲೆ ರಿಪೇರಿ. ಮೂವತ್ತು ವರ್ಷದಲ್ಲಿ ಅದು ಹಾರಿದಷ್ಟನ್ನು ಫಾಲ್ಕನ್ ಈಗ ಒಂದು ವರ್ಷದಲ್ಲಿ ಹಾರುತ್ತದೆ.

ಲೆಕ್ಕದ ಬಗ್ಗೆ ಜಗಳವೂ ನಡೆದಿದೆ. ಸ್ಪೇಸ್‌ಎಕ್ಸ್‌ನ ಮುಖ್ಯಸ್ಥ ಇಲಾನ್ ಮಸ್ಕ್ 2020ರಲ್ಲಿ ಹೇಳಿದ ಪ್ರಕಾರ ಬೂಸ್ಟರ್ ಎರಡು ಸಲ ಹಾರಿದರೆ ಅಸಲು ಬಂತು, ಮೂರನೆಯದಕ್ಕೆ ಲಾಭ ಖಂಡಿತ. ಪ್ರತಿಸ್ಪರ್ಧಿ ಕಂಪನಿ ಯುನೈಟೆಡ್ ಲಾಂಚ್ ಅಲಯನ್ಸ್‌ನ ಮುಖ್ಯಸ್ಥರಾಗಿದ್ದ ಟೋರಿ ಬ್ರೂನೋ ಅವರ ಅಂದಾಜು ಸರಾಸರಿ ಹತ್ತು ಹಾರಾಟ. ಯಾರದು ಸರಿ ಎಂದು ತೀರ್ಮಾನಿಸುವ ಗೋಜಿಗೇ ಹೋಗಬೇಕಿಲ್ಲ. 2025ರಲ್ಲಿ ಒಂದು ಬೂಸ್ಟರ್ 30ನೇ ಸಲ ಹಾರಿ ಬಂತು. ಆದರೆ ಬ್ರೂನೋ ಅವರ ಮಾತಿನ ಒಳಗಿನ ಪ್ರಶ್ನೆ ಸರಿಯಾಗಿಯೇ ಇತ್ತು: ಹತ್ತು ಸಲ ಹಾರಿಸಲು ಅಷ್ಟು ಗಿರಾಕಿಗಳು ಎಲ್ಲಿದ್ದಾರೆ? ಹೊರಗಿನ ಗಿರಾಕಿಗಳು ಸಾಲದು ಎಂದಾಗ ಸ್ಪೇಸ್‌ಎಕ್ಸ್ ತನ್ನ ಗಿರಾಕಿಯನ್ನು ತಾನೇ ಹುಟ್ಟಿಸಿಕೊಂಡಿತು. ಅಗ್ಗದ ರಾಕೆಟ್ ಇಲ್ಲದಿದ್ದರೆ ಸಾವಿರಾರು ಉಪಗ್ರಹಗಳ ಜಾಲ ಕಟ್ಟಲಾಗದು, ಸಾವಿರಾರು ಉಪಗ್ರಹಗಳಿಲ್ಲದಿದ್ದರೆ ರಾಕೆಟ್ ಅಗ್ಗವಾಗದು. ಹೊಸ ಪ್ರಯೋಗಗಳನ್ನು ಹಣ ಕೊಟ್ಟವರ ಸರಕಿನ ಮೇಲೆ ಮಾಡಲು ಅಂಜಿಕೆ. ಸ್ವಂತ ಸರಕಾದರೆ ಹದಿನೈದನೆಯ, ಇಪ್ಪತ್ತೈದನೆಯ ಹಾರಾಟದ ಹಳೇ ಬೂಸ್ಟರನ್ನು ಧೈರ್ಯವಾಗಿ ಹೂಡಬಹುದು. ಮಸ್ಕ್ ಅವರ ಮಾತುಗಾರಿಕೆ ಯಾರಿಗೆ ಹಿಡಿಸಲಿ ಬಿಡಲಿ, ಈ ಉಪಾಯ ಮಾತ್ರ ಅಚ್ಚುಕಟ್ಟು.

ಎಡವಿದ್ದೂ ಉಂಟು. 2024ರ ಜುಲೈನಲ್ಲಿ ಮೇಲ್ಹಂತದ ದ್ರವ ಆಮ್ಲಜನಕ ಸೋರಿ 20 ಸ್ಟಾರ್‌ಲಿಂಕ್‌ಗಳು ಹೋದವು. ಮರು ತಿಂಗಳು 23ನೇ ಹಾರಾಟ ಮುಗಿಸಿದ ಬೂಸ್ಟರ್ ದೋಣಿಯ ಮೇಲೆ ಇಳಿದು ಅಡ್ಡಬಿತ್ತು. 2025ರ ಫೆಬ್ರವರಿಯಲ್ಲಿ ನಿಯಂತ್ರಣ ತಪ್ಪಿದ ಒಂದು ಮೇಲ್ಹಂತದ ಚೂರುಗಳು ಪೋಲೆಂಡಿನಲ್ಲಿ ಬಿದ್ದವು. ಖಗೋಳ ವೀಕ್ಷಕರ ದೂರು ಇದಕ್ಕಿಂತ ಹಳೆಯದು, ಬಗೆಹರಿಯದ್ದು. ದೂರದರ್ಶಕದ ಚಿತ್ರದ ನಡುವೆ ಹಾದುಹೋಗುವ ಬಿಳಿ ಗೆರೆಗಳು. ಉಪಗ್ರಹಗಳಿಗೆ ಕಪ್ಪು ಬಳಿದು, ನೆರಳಿನ ಮರೆ ಕಟ್ಟಿ ನೋಡಿದರು. ಹೊಳಪು ತಗ್ಗಿತು, ಸಂಖ್ಯೆ ಏರಿತು. ಹಳ್ಳಿ ಶಾಲೆಗೆ ಇಂಟರ್‌ನೆಟ್ ಬೇಕೋ ಕತ್ತಲ ಆಕಾಶ ಬೇಕೋ ಎಂದು ಯಾರೂ ಯಾರನ್ನೂ ಕೇಳಲಿಲ್ಲ ಎಂಬುದು ನನ್ನ ತಕರಾರು. ಒಂದು ದೇಶದ ಒಂದು ಇಲಾಖೆ ಅನುಮತಿ ಕೊಟ್ಟಿತು, ಎಲ್ಲರ ಆಕಾಶವೂ ಬದಲಾಯಿತು.

ಕೆಲವು ದಿನ ಬಿಟ್ಟು ಕೆನವರಲ್ ಬಂದರಿಗೆ ಹೋದರೆ ಬಳಸಿದ ಬೂಸ್ಟರನ್ನು ಕಣ್ಣಾರೆ ನೋಡಬಹುದು. ದೋಣಿಯನ್ನು ಎಳೆದು ತಂದಿರುತ್ತಾರೆ, ಪಕ್ಕದಲ್ಲೇ ಪ್ರವಾಸಿ ಹಡಗುಗಳು. ನಾನು ಕಂಡ ಬೂಸ್ಟರ್ ಬುಡದಿಂದ ಮೇಲಿನವರೆಗೆ ಮಸಿ. ಬಿಳಿ ಬಣ್ಣ ಅಲ್ಲಲ್ಲಿ ಬೂದಿಯ ಮಧ್ಯೆ ಇಣುಕುತ್ತಿತ್ತು. ಕ್ರೇನ್ ಅದನ್ನು ತಲೆಯಲ್ಲಿ ಹಿಡಿದು ಎತ್ತಿ ದಡದ ಕಟ್ಟೆಯ ಮೇಲೆ ನಿಲ್ಲಿಸಿತ್ತು. ಹಳದಿ ಅಂಗಿಯ ನಾಲ್ಕಾರು ಜನ ಕಾಲುಗಳನ್ನು ಒಂದೊಂದಾಗಿ ಮಡಚಿ ಮೇಲಕ್ಕೆ ಕಟ್ಟುತ್ತಿದ್ದರು. ಸಾಗರವನ್ನು ನಂಬುವಂತಿಲ್ಲ. 2020ರ ಮೇ ತಿಂಗಳಲ್ಲಿ ಸ್ಪೇಸ್‌ಎಕ್ಸ್‌ನ ಮೊದಲ ಇಬ್ಬರು ಗಗನಯಾತ್ರಿಗಳನ್ನು ಹೊತ್ತ ಬೂಸ್ಟರ್ 19 ಸಲ ಹಾರಿ, 19 ಸಲವೂ ನೆಟ್ಟಗೆ ಇಳಿದು, 2023ರ ಡಿಸೆಂಬರ್‌ನಲ್ಲಿ ಬಂದರಿಗೆ ಬರುವ ದಾರಿಯಲ್ಲಿ ಅಲೆ ಗಾಳಿಗೆ ಸಿಕ್ಕಿ ಮುರಿದುಬಿತ್ತು.

ಭಾರತಕ್ಕೂ ಈ ಕಥೆಯಲ್ಲಿ ಪಾಲಿದೆ. ಉಡಾವಣೆಯ ವಿಷಯದಲ್ಲಿ ರಷ್ಯಾ ಕೈಕೊಟ್ಟಾಗ ಒನ್‌ವೆಬ್ ಕಂಪನಿಯ 72 ಇಂಟರ್‌ನೆಟ್ ಉಪಗ್ರಹಗಳನ್ನು 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಶ್ರೀಹರಿಕೋಟಾದಿಂದ ಎರಡು ಕಂತಿನಲ್ಲಿ ಏರಿಸಿದ್ದು ಇಸ್ರೋದ ಎಲ್‌ವಿಎಂ3 ರಾಕೆಟ್. ಅದೇ ಒನ್‌ವೆಬ್‌ನ ಇನ್ನಷ್ಟು ಉಪಗ್ರಹಗಳನ್ನು ಹೊತ್ತದ್ದು ಅದರ ಎದುರಾಳಿ ಸ್ಪೇಸ್‌ಎಕ್ಸ್! ಬಾಡಿಗೆ ಬಂದರೆ ಯಾರದ್ದಾದರೇನು. ಇತ್ತ 2024ರ ನವೆಂಬರ್‌ನಲ್ಲಿ ಇಸ್ರೋದ 4,700 ಕಿಲೋ ತೂಕದ ಜಿಸ್ಯಾಟ್-ಎನ್2 ಉಪಗ್ರಹ ನಮ್ಮ ರಾಕೆಟ್ಟಿಗೆ ಭಾರವಾಗಿ ಫ್ಲಾರಿಡಾಕ್ಕೆ ಹೋಗಿ ಫಾಲ್ಕನ್ ಹತ್ತಬೇಕಾಯಿತು.

ಮರಳಿ ಬರುವ ವಾಹನದ ನಮ್ಮ ಅಭ್ಯಾಸ ನಡೆದದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರದ ಪರೀಕ್ಷಾ ವಲಯದಲ್ಲಿ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯ ವಾಹನ ಪುಷ್ಪಕವನ್ನು ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟಿತು, ಅದು ತಾನೇ ದಾರಿ ಹುಡುಕಿಕೊಂಡು ಓಡುದಾರಿಗೆ ಇಳಿಯಿತು. 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಸಲ. ಅದು ವಿಮಾನದ ದಾರಿ. ಫಾಲ್ಕನ್‌ನ ದಾರಿ ಹಿಡಿಯಲಿರುವುದು ಇಸ್ರೋದ ಮುಂದಿನ ತಲೆಮಾರಿನ ರಾಕೆಟ್ ಎನ್‌ಜಿಎಲ್‌ವಿ: ಮರುಬಳಕೆಯ ಕೆಳಹಂತ, ತಗ್ಗಿನ ಕಕ್ಷೆಗೆ 30 ಟನ್ ಹೊರುವ ಶಕ್ತಿ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಇದಕ್ಕೆ 8,240 ಕೋಟಿ ರೂಪಾಯಿ ಮಂಜೂರು ಮಾಡಿತು. ಇಸ್ರೋದವರು ಅದನ್ನು ಇಳಿಸಿಯೇ ಇಳಿಸುತ್ತಾರೆ, ಆ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನ ಇರುವುದು ಲೋಡಿನ ಬಗ್ಗೆ. ಇಸ್ರೋ ಇದುವರೆಗೆ ಒಂದು ವರ್ಷದಲ್ಲಿ ಹತ್ತು ಉಡಾವಣೆ ಮುಟ್ಟಿಲ್ಲ. 2035ಕ್ಕೆಂದು ಹೇಳಿರುವ ಭಾರತೀಯ ಅಂತರಿಕ್ಷ ನಿಲ್ದಾಣದ ಭಾಗಗಳು ಕೆಲವು ಹಾರಾಟಗಳಿಗೆ ಆದಾವು. ಉಳಿದ ತಿಂಗಳುಗಳಿಗೆ? ನಮ್ಮದೇ ಒಂದು ಉಪಗ್ರಹ ಜಾಲ ಇದ್ದರೆ ಆ ಪ್ರಶ್ನೆ ಏಳುತ್ತಿರಲಿಲ್ಲ. 2025ರಲ್ಲಿ ಭಾರತದಲ್ಲಿ ಸೇವೆ ಕೊಡಲು ಪರವಾನಗಿ ಪಡೆದದ್ದು ಸ್ಟಾರ್‌ಲಿಂಕ್. ನಮ್ಮ ಮಲೆನಾಡಿನ ಮನೆಯೊಂದರ ಮಾಡಿನ ಮೇಲೆ ಅದರ ತಟ್ಟೆ ಕೂತರೆ, ತಿಂಗಳ ಬಿಲ್ಲಿನ ಒಂದು ಪಾಲು ಹೋಗುವುದು ಕೆನವರಲ್‌ನ ಮುಂದಿನ ಉಡಾವಣೆಗೆ.